ಓಡುವ ಠೇಕಾ

ನನ್ನ ತಾಳದ ಸಾಫ್ಟ್‌ವೇರ್ ಮೋಸ ಮಾಡುತ್ತಿದೆ ಎಂದು ಕೆನಡಾದಿಂದ ಯಾರೋ ಒಬ್ಬರು ಬರೆದಾಗ ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಬಂದದ್ದು ಗೊಂದಲ. ಸಿಟ್ಟು ಅರ್ಧ ಗಂಟೆಯಲ್ಲಿ ಇಳಿಯಿತು. ಗೊಂದಲ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ನನ್ನ ಹೆಸರು ಪ್ರೇಮ್‌ಕುಮಾರ್, ಕೃಷ್ಣರಾಜಪುರದವನು. ನಮ್ಮ ತಂದೆ ಮುನಿಆಂಜನಪ್ಪನವರು ಸ್ಟೇಷನ್ನಿನ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಹನ್ನೊಂದು ಬಾಡಿಗೆ ಕೋಣೆಗಳ ಸಾಲಿದೆ. ನಾನು ಶಿವಾಜಿನಗರದ ಖುರ್ಷೀದ್ ಭಾಯ್ ಅಂಗಡಿಯಲ್ಲಿ ಏಳು ವರ್ಷ ಆಂಪ್ಲಿಫೈಯರ್ ರಿಪೇರಿ ಮಾಡಿದವನು. ಆಮೇಲೆ ಒಂದು ಕಂಪ್ಯೂಟರ್ ಜೋಡಿಸಿಕೊಂಡು, ಪುಸ್ತಕ ನೋಡಿ ಪ್ರೋಗ್ರಾಮ್ ಬರೆಯುವುದನ್ನು ಕಲಿತು, ಮನೆಯಲ್ಲೇ ಕುಳಿತು ಚಿಕ್ಕ ಚಿಕ್ಕ ಸಾಫ್ಟ್‌ವೇರ್ ಮಾಡತೊಡಗಿದೆ. ವೀಣೆಯ ತಂತಿ ಶ್ರುತಿ ಮಾಡಿಕೊಳ್ಳಲು ಒಂದು, ಹಳೆ ಕ್ಯಾಸೆಟ್ಟಿನ ಗೊರಗೊರ ಕಳೆಯಲು ಒಂದು. ಇಂಟರ್‌ನೆಟ್ಟಿಗೆ ಹಾಕಿದರೆ ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾರೋ ಇಳಿಸಿಕೊಳ್ಳುತ್ತಿದ್ದರು. ಹದಿನೈದು ದಿನ ಪುಕ್ಕಟೆ, ಹಿಡಿಸಿದರೆ ದುಡ್ಡು ಕಟ್ಟಬೇಕು. ಮಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆ ನಮ್ಮ ತಾಯಿ ಆಂಜನಮ್ಮ, "ಕಂಪ್ಯೂಟರಲ್ಲಿ ಸೌಂಡ್ ಮಾಡ್ತಾನೆ" ಎನ್ನುತ್ತಿದ್ದರು. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುತ್ತಿರಲಿಲ್ಲ.

ಒಂದು ವಿಷಯ ಮುಚ್ಚಿಡುವಂತಿಲ್ಲ. ನನಗೆ ಸಂಗೀತ ಬಾರದು. ಮೈಕು, ಸ್ಪೀಕರು, ವೈರು ಎಲ್ಲ ಅಂಗೈಯ ಗೆರೆಯಷ್ಟು ಪರಿಚಯ, ಆದರೆ ತಾಳ ಹಾಕು ಎಂದರೆ ಕೈ ಎಲ್ಲೋ, ಹಾಡು ಎಲ್ಲೋ. ಅಂಥವನು ತಾಳದ ಸಾಫ್ಟ್‌ವೇರ್ ಮಾಡಲು ಹೊರಟದ್ದು ಏಳನೇ ನಂಬರ್ ಕೋಣೆಯ ಭಗವಂತರಾಯರ ಧೈರ್ಯದ ಮೇಲೆ. ಅವರು ಕಲಬುರಗಿ ಕಡೆಯವರು. ಹಗಲಿಗೆ ಮಹದೇವಪುರದ ಒಂದು ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಮೆಷಿನ್ ಮೇಲೆ ಕೆಲಸ, ಸೋಮವಾರ ಸಂಜೆ ಮಾರಮ್ಮನ ಗುಡಿ ಪಕ್ಕದ ಶೀಟಿನ ಮನೆಯಲ್ಲಿ ಭಜನೆಗೆ ತಬಲಾ. ಅವರ ಹೆಂಡತಿ ಹುಸೇನಮ್ಮ ಮುಂದೆ ನಿಂತು ಹಾಡುವವರು. ಅವರ ಕಡೆಯವರೇ ಆದ ಮಾನಪ್ಪ ಎಂಬವರದು ಹಾರ್ಮೋನಿಯಂ. ಹಾಡಿಗೆ ಆಸರೆಯಾಗಿ ತಬಲಾದವರು ಮತ್ತೆ ಮತ್ತೆ ನುಡಿಸುವ ಪೆಟ್ಟುಗಳ ಸಾಲಿಗೆ ಠೇಕಾ ಎನ್ನುತ್ತಾರೆ ಎಂದು ನನಗೆ ಹೇಳಿಕೊಟ್ಟವರೂ ಭಗವಂತರಾಯರೇ.

ಒಂದು ಭಾನುವಾರ ಕಿಟಕಿಗಳಿಗೆ ರಜಾಯಿ ಕಟ್ಟಿ, ಖುರ್ಷೀದ್ ಭಾಯ್ ಕೊಟ್ಟ ಮೈಕು ಇಟ್ಟು, ಅವರನ್ನು ನಮ್ಮ ಹಜಾರದಲ್ಲಿ ಕೂರಿಸಿದೆ. ಕಂಪ್ಯೂಟರಿಗೆ ಬೇಕು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಹನ್ನೊಂದು ನಿಮಿಷ ಒಂದೇ ಠೇಕಾ ನುಡಿಸಿ, ಟೀ ಕುಡಿದು ಎದ್ದು ಹೋದರು. ನಾನು ಆ ಹನ್ನೊಂದು ನಿಮಿಷವನ್ನು ಪೆಟ್ಟು ಪೆಟ್ಟಾಗಿ ಕತ್ತರಿಸಿದೆ. ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ ಎಷ್ಟು ಸಮಯ ಎಂದು ಅಳೆದು, ಆ ಅಂಕಿಗಳನ್ನೇ ಪ್ರೋಗ್ರಾಮಿನಲ್ಲಿ ಪಟ್ಟಿ ಮಾಡಿ ಇಟ್ಟೆ. ಒಂದು ತಿಂಗಳು ಬೇರೆ ಕೆಲಸ ಮಾಡಲಿಲ್ಲ. ಒಬ್ಬರೇ ಕುಳಿತು ಹಾಡುವವರಿಗೆ ಜೊತೆಯಾಗಲಿ ಎಂದು ಅದನ್ನೂ ಇಂಟರ್‌ನೆಟ್ಟಿಗೆ ಹಾಕಿದೆ.

ಅಳೆಯುವಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಪಟ್ಟಿ ಕೆಳಗಿಳಿದಂತೆ ಅಂಕಿಗಳು ಕಿರಿದಾಗುತ್ತಿದ್ದವು. ಅದರಲ್ಲಿ ನನಗೆ ಏನೂ ವಿಚಿತ್ರ ಕಾಣಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಭಜನೆಗಳೆಲ್ಲ ನಿಧಾನಕ್ಕೆ ಶುರುವಾಗಿ ಕೊನೆಗೆ ಎದ್ದುಬಿದ್ದು ಓಡಿದವೇ. ಹೊರಟ ವೇಗದಲ್ಲೇ ಊರು ಮುಟ್ಟಿದ ಭಜನೆ ನಮ್ಮ ಕೃಷ್ಣರಾಜಪುರದಲ್ಲಿ ಒಂದೂ ಇಲ್ಲ. ತಾಳ ಎಂದರೆ ಹಾಗೇ ಇರಬೇಕು ಎಂದುಕೊಂಡು ಅಂಕಿಗಳನ್ನು ಇದ್ದ ಹಾಗೇ ಬಿಟ್ಟೆ.

ಕೆನಡಾದವರು ಬರೆದದ್ದು ಅದನ್ನೇ. "ನಿಮಿಷಕ್ಕೆ ಎಂಬತ್ತು ಪೆಟ್ಟಿನ ವೇಗಕ್ಕೆ ಇಟ್ಟರೆ ಹತ್ತು ನಿಮಿಷದಲ್ಲಿ ನೂರಾ ಹದಿನೆಂಟಕ್ಕೆ ಹೋಗಿರುತ್ತದೆ. ನನ್ನ ಮಗಳು ಅಭ್ಯಾಸ ಮುಗಿಸುವ ಹೊತ್ತಿಗೆ ಏದುಸಿರು ಬಿಡುತ್ತಾಳೆ. ಇದು ತಾಳವೋ, ಓಟದ ಪಂದ್ಯವೋ?" ಎಂದು ಕೇಳಿದ್ದರು. ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತು ಆ ಇಮೇಲನ್ನು ನಾಲ್ಕು ಸಲ ಓದಿದೆ. ತಪ್ಪು ಪ್ರೋಗ್ರಾಮಿನದೋ, ನನ್ನದೋ, ಭಗವಂತರಾಯರದೋ, ಇಲ್ಲ ಕೆನಡಾದವರದೋ ತಿಳಿಯಲಿಲ್ಲ.

ಭಗವಂತರಾಯರನ್ನೇ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರನ್ನು ಕೇಳುವ ಹಾಗಿರಲಿಲ್ಲ. ರೆಕಾರ್ಡಿಂಗ್ ಆದ ಮೂರು ತಿಂಗಳಿಗೆ ಮೆಷಿನ್ನಿಗೆ ಸಿಕ್ಕಿ ಅವರ ಬಲಗೈಯ ಎರಡು ಬೆರಳು ಹೋಗಿದ್ದವು, ತೋರುಬೆರಳು ಮತ್ತು ನಡುಬೆರಳು. ಗಾಯ ಮಾಯ್ದ ಮೇಲೆ ಅದೇ ವರ್ಕ್‌ಶಾಪಿನವರು ಗೇಟಿನಲ್ಲಿ ಕೂರುವ ಕೆಲಸ ಕೊಟ್ಟರು. ಕೆಲಸಕ್ಕೆ ಹೋಗುತ್ತಿದ್ದರು, ಬಂದು ಕೋಣೆ ಸೇರುತ್ತಿದ್ದರು, ಅಷ್ಟೇ. ಸೋಮವಾರ ಬಂತೆಂದರೆ ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗುತ್ತಾರೆ ಎಂದು ಹುಸೇನಮ್ಮ ಹೇಳಿದ್ದರು. ತಬಲಾ ಮಂಚದ ಕೆಳಗೆ ಹಳೆ ಸೀರೆಯಲ್ಲಿ ಸುತ್ತಿ ಬಿದ್ದಿತ್ತು. ಅಂಥವರ ಬಾಗಿಲು ಬಡಿದು, ನಿಮ್ಮ ಕೈ ಓಡುತ್ತದಂತೆ ಹೌದಾ ಎಂದು ಕೇಳುವುದು ಹೇಗೆ?

ಮಾನಪ್ಪನವರನ್ನು ಕೇಳಿದೆ. ಈರುಳ್ಳಿ ಮಂಡಿಯಲ್ಲಿ ಚೀಲದ ಮೇಲೆ ಕುಳಿತಿದ್ದವರು ದಿಗ್ಗನೆ ಎದ್ದರು.

"ಓಡ್ತದ? ಯಾವನ್ ಅಂದಾವ? ಇಪ್ಪತ್ತ್ ವರ್ಷ ಆತು ನಾ ಪೆಟಗಿ ಬಾರಸ್ಲತ್ತಿ. ಎಲ್ಲಿ ಹಿಡಿದೀವಿ ಅಲ್ಲೇ ಬಿಡ್ತೀವಿ. ಒಂದ್ ಎಳಿ ಆಕಡಿ ಈಕಡಿ ಆಗಂಗಿಲ್ಲ."

"ಅಲ್ಲ ಮಾನಪ್ಪೋರೆ, ನಾನು ಅಳೆದು ನೋಡಿದೀನಿ."

"ಅಳ್ಯಾಕ ಅದೇನ್ ಸೈಟ್ ಏನ್ರಿ?"

ಅವರ ಮಾತು ಕೇಳಿ ಬಂದ ಮೇಲೆ ತಲೆ ಇನ್ನೂ ಕೆಟ್ಟಿತು. ಓಡುವುದಿಲ್ಲ ಎಂದು ಅವರು ಆಣೆ ಇಟ್ಟು ಹೇಳುತ್ತಾರೆ, ಓಡುತ್ತದೆ ಎಂದು ಅಂಕಿ ಹೇಳುತ್ತದೆ. ನನ್ನ ಹೆಂಡತಿ ಹಂಸಳ ಮುಂದೆ ಎಲ್ಲವನ್ನೂ ಒದರಿಕೊಂಡೆ. ಅವಳು ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

"ದುಡ್ಡು ಕೊಟ್ಟಿರೋರು ಕೆನಡಾದವ್ರು ತಾನೆ? ಅವ್ರಿಗೆ ಸಮ ಬೇಕು ಅಂದ್ರೆ ಸಮ ಮಾಡಿ ಕೊಡಿ. ಅದಕ್ಯಾಕ್ರೀ ಊರೆಲ್ಲಾ ಸುತ್ತುತ್ತೀರ?" ಎಂದಳು.

ಅವಳ ಮಾತು ಸರಿಯೆನಿಸಿತು. ಎರಡು ಗಂಟೆಯ ಕೆಲಸ. ಪಟ್ಟಿಯ ಅಂಕಿಗಳನ್ನೆಲ್ಲ ಅಳಿಸಿ ಒಂದೇ ಅಂಕಿ ಹಾಕಿದೆ. ಪೆಟ್ಟುಗಳು ಭಗವಂತರಾಯರವೇ, ನಡುವಿನ ಅಂತರ ಮಾತ್ರ ನನ್ನದು. ಹೊಸ ಆವೃತ್ತಿ ಎಂದು ಹೆಸರಿಟ್ಟು ಕಳಿಸಿದ ಎರಡೇ ದಿನಕ್ಕೆ ಧನ್ಯವಾದಗಳು ಬಂದವು. ಕೇಳಿದಾಗ ನನಗೂ ಚೊಕ್ಕಟವಾಗಿಯೇ ಕೇಳಿಸಿತು. ಆದರೂ ಒಳಗೆ ಏನೋ ಕಿರಿಕಿರಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ.

ಆ ವಾರವೇ ಹುಸೇನಮ್ಮ ನಮ್ಮ ಮನೆ ಮೆಟ್ಟಿಲ ಮೇಲೆ ಬಂದು ಕುಳಿತರು.

"ಪ್ರೇಮಣ್ಣ, ನಮ್ಮನಿಯವರ ಕೈ ನಿಮ್ ಕಂಪೂಟರ್‌ದಾಗ ಅದ ಅಂತ ಮಾನಪ್ಪ ಅಂದ. ಖರೇ ಏನ್ರಿ?"

"ಇದೆ ಹುಸೇನಮ್ಮ."

"ಮುಂದಿನ ಸೋಮವಾರ ಭಜನಿಗೆ ಅದನ್ನ ತರ್ರಿ. ತಬಲಾ ಇಲ್ಲಂತ ಆರ್ ತಿಂಗಳಾತು ಬರೇ ತಾಳದ ಮ್ಯಾಲ ಹಾಡ್ಲತ್ತೀವಿ. ಅವರು ಯಾರ ಸಂಗಡಾನೂ ಮಾತಾಡವಲ್ರು. ಊರಿಗಿ ಹೋಗಿ ಮೂಲ್ಯಾಗ ಕುಂದರ್ತೀನಿ ಅಂತಾರ. ತಮ್ ಕೈ ಸಪ್ಪಳ ಕೇಳಿದ್ರ ಮಂದ್ಯಾಗ ಬಂದ್ ಕೂಡ್ತಾರೇನೋ ಅಂತ ನಂದೊಂದ್ ಆಶಾ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೆದರಿಕೆಯೂ ಆಯಿತು. ಕೇಳಿ ಮನಸ್ಸು ಇನ್ನೂ ಮುರಿದರೆ? ಹೋದ ಬೆರಳನ್ನು ಸ್ಪೀಕರಿನಲ್ಲಿ ಹಾಕಿ ಆಡಿಸಿದ ಹಾಗೆ ಆದರೆ? ಒಳ್ಳೆಯದು ಮಾಡುತ್ತಿದ್ದೇನೋ ಕೆಟ್ಟದ್ದು ಮಾಡುತ್ತಿದ್ದೇನೋ ತಿಳಿಯದೆ ಒಂದು ವಾರ ಒದ್ದಾಡಿದೆ.

ಸೋಮವಾರ ಸಂಜೆ ಆರೂವರೆಗೆ ತಳ್ಳುಗಾಡಿಯ ಮೇಲೆ ಕಂಪ್ಯೂಟರ್, ಮಾನಿಟರ್, ಎರಡು ಸ್ಪೀಕರ್ ಇಟ್ಟುಕೊಂಡು ಹೋದೆ. ಶೀಟಿನ ಮನೆಯಲ್ಲಿ ಹತ್ತು ಹನ್ನೆರಡು ಜನ ಇದ್ದರು. ಮಾನಿಟರಿಗೂ ಯಾರೋ ಕುಂಕುಮ ಹಚ್ಚಿದರು. ತಂದದ್ದು ಹೊಸ ಆವೃತ್ತಿ. ಕೆನಡಾದವರೇ ಒಪ್ಪಿದ್ದಾರೆ, ಕೃಷ್ಣರಾಜಪುರ ಒಪ್ಪದೆ ಇರುತ್ತದೆಯೇ ಎನ್ನುವ ಜಂಬ ನನ್ನದು. ವೇಗ ಎಂಬತ್ತಕ್ಕೆ ಇಟ್ಟು ಆನ್ ಮಾಡಿದೆ.

ಮೊದಲ ಎರಡು ನುಡಿ ಚೆನ್ನಾಗಿಯೇ ನಡೆಯಿತು. ಹುಸೇನಮ್ಮನ ದನಿ ಏರಿತು, ಹಿಂದಿನವರು ಎತ್ತಿಕೊಂಡರು. ಮೂರನೇ ನುಡಿಗೆ ಹಾಡು ಅರ್ಧ ಹೆಜ್ಜೆ ಮುಂದೆ ಹೋಯಿತು. ಠೇಕಾ ಇದ್ದಲ್ಲೇ ಇತ್ತು. ನಾಲ್ಕನೆಯದಕ್ಕೆ ಹಾಡು ಒಂದು ಕಡೆ, ಪೆಟ್ಟು ಇನ್ನೊಂದು ಕಡೆ. ತಾಳದವರು ಯಾರನ್ನು ಹಿಡಿಯಬೇಕೆಂದು ತಿಳಿಯದೆ ಕೈಬಿಟ್ಟರು. ಹಾಡು ನಿಂತಿತು. ಠೇಕಾ ಮಾತ್ರ ನಡೆದೇ ಇತ್ತು. ಮತ್ತೆ ಶುರು ಮಾಡಿದರು, ಮತ್ತೆ ಅಲ್ಲೇ ತಪ್ಪಿತು.

"ನಿಮ್ ಮೆಷಿನ್ ಹಿಂದಕ್ಕ ಜಗ್ಲತ್ತದ," ಎಂದರು ಮಾನಪ್ಪ.

"ನೀವೇ ಮುಂದಕ್ಕೆ ಓಡ್ತಾ ಇದೀರ," ಎಂದೆ. ನನಗೆ ಅಳು ಬರುವುದೊಂದು ಬಾಕಿ.

"ಅದು ನನ್ನ ಕೈ ಅಲ್ಲ."

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಭಗವಂತರಾಯರು ನಿಂತಿದ್ದರು. ಬಲಗೈ ಅಂಗಿಯ ಜೇಬಿನಲ್ಲಿತ್ತು. ಯಾವಾಗ ಬಂದರೋ ಯಾರೂ ನೋಡಿರಲಿಲ್ಲ.

"ನಿಮ್ಮದೇ ರಾಯ್ರೇ," ಎಂದೆ. "ಒಂದೊಂದು ಪೆಟ್ಟೂ ನಿಮ್ಮದೇ. ನಮ್ಮನೇಲಿ ಅವತ್ತು ನುಡಿಸಿದ್ರಲ್ಲ, ಅದೇ."

ಅವರು ಕೈಯನ್ನು ಜೇಬಿನಿಂದ ತೆಗೆದು ನನ್ನ ಮುಖದ ಮುಂದೆ ಹಿಡಿದರು. "ಇವೆರಡು ಹೋಗ್ಯಾವಲ್ಲ, ಅವು ಇದ್ರಾಗ ಅವ ಅಂತೀರಿ?"

"ಅವೆ."

"ಮತ್ತ್ಯಾಕ ಹಿಂಗ ಕುಂಟ್ಲತ್ತಾವ?"

"ನಾನು ಸಮ ಮಾಡ್ದೆ. ನೀವು ನುಡಿಸಿದ್ದು ಓಡ್ತಿತ್ತು. ತಪ್ಪು ಅಂದ್ಕೊಂಡೆ."

ಅವರು ಕೈಯನ್ನು ಮತ್ತೆ ಜೇಬಿಗೆ ಸೇರಿಸಿದರು. ಹುಸೇನಮ್ಮ ಸೆರಗಿನ ತುದಿ ಕಚ್ಚಿ ನಿಂತಿದ್ದರು. ಇನ್ನೇನು ತಿರುಗಿ ಹೋಗೇಬಿಡುತ್ತಾರೆ, ಆರು ತಿಂಗಳಲ್ಲಿ ಮೊದಲ ಸಲ ಬಾಗಿಲವರೆಗೆ ಬಂದ ಮನುಷ್ಯನನ್ನು ನಾನೇ ಓಡಿಸಿದ ಹಾಗಾಯಿತು ಎಂದುಕೊಂಡೆ.

"ಇದರ ನಡಿಗಿ ಹೆಚ್ಚು ಮಾಡಾದು ಎಲ್ಲಿ?" ಎಂದು ಭಗವಂತರಾಯರು ಕೇಳಿದರು.

ಕೀಬೋರ್ಡಿನಲ್ಲಿ ಮೇಲೆ ತೋರಿಸುವ ಬಾಣದ ಗುಂಡಿಯನ್ನು ತೋರಿಸಿದೆ. ಒಂದು ಸಲ ಒತ್ತಿದರೆ ಒಂದು ಹೆಚ್ಚು. ಅವರು ಚಾಪೆಯ ಮೇಲೆ ಕುಳಿತು ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಲಗೈಯಲ್ಲಿ ಉಳಿದಿದ್ದ ಉಂಗುರದ ಬೆರಳನ್ನೇ ಆ ಗುಂಡಿಯ ಮೇಲೆ ಇಟ್ಟರು. ಮಾನಿಟರಿನ ಕಡೆ ನೋಡಲೇ ಇಲ್ಲ. "ಹಾಡು," ಎಂದರು ಹೆಂಡತಿಗೆ.

ಮೂರನೇ ನುಡಿಯಲ್ಲಿ ಹುಸೇನಮ್ಮ ಉಸಿರು ಎಳೆದುಕೊಂಡಾಗ ಅವರ ಬೆರಳು ಒತ್ತಿತು. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ. ಅವರ ಕಣ್ಣು ಹೆಂಡತಿಯ ಬಾಯಿಯ ಮೇಲಿತ್ತು, ಆಮೇಲೆ ಹಿಂದಿನವರ ಮೇಲೆ, ಮತ್ತೆ ಹೆಂಡತಿಯ ಮೇಲೆ. ನಾಲ್ಕನೇ ನುಡಿ ದಾಟಿತು, ಐದನೆಯದು ದಾಟಿತು. ಹಾಡು ಮುಂದೋ ಠೇಕಾ ಮುಂದೋ ನನಗೆ ಗೊತ್ತಾಗಲಿಲ್ಲ. ಕೊನೆಗೆ ಶೀಟು ಹಾರಿಹೋಗುವಷ್ಟು ಜೋರಾಗಿ ಎಲ್ಲರೂ ಒಟ್ಟಿಗೆ ಓಡಿ, ಒಟ್ಟಿಗೆ ನಿಂತರು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಪರದೆಯ ಮೇಲೆ ನೂರಾ ಇಪ್ಪತ್ತೊಂದು ಎಂದಿತ್ತು.

"ನಾ ಹೇಳಿಲ್ಲೇನು?" ಎಂದರು ಮಾನಪ್ಪ, ಬೆವರು ಒರೆಸಿಕೊಳ್ಳುತ್ತಾ. "ಎಲ್ಲಿ ಹಿಡಿದೀವಿ ಅಲ್ಲೇ ಬಿಟ್ಟೀವಿ."

ನಾನು ವೈರು ಸುತ್ತತೊಡಗಿದೆ. ಭಗವಂತರಾಯರು ಇನ್ನೂ ಕೀಬೋರ್ಡ್ ಹಿಡಿದುಕೊಂಡೇ ಕುಳಿತಿದ್ದರು. ಯಾರೋ ಕೊಟ್ಟ ಟೀಯನ್ನು ಎಡಗೈಯಲ್ಲಿ ತೆಗೆದುಕೊಂಡರು.

"ಪ್ರೇಮಣ್ಣ, ಇದಕ್ಕ ಕಣ್ಣಿಲ್ರಿ," ಎಂದರು. "ಮುಂದಿನೋರ ಉಸಿರು ಇದಕ್ಕ ಕಾಣಂಗಿಲ್ಲ. ಮುಂದಿನ ಸೋಮವಾರ ಲಗೂನ ತಂದ್ ಇಡ್ರಿ, ನಾ ಡ್ಯೂಟಿ ಮುಗಿಸಿ ಸೀದಾ ಬರ್ತೀನಿ. ಒಂದ್ ಮಾತ್ ನೆನಪಿಟ್ಟುಕೋರ್ರಿ. ನಾ ಇಲ್ದಾಗ ಇದನ್ನ ಎಲ್ಲೂ ಹಚ್ಚಬ್ಯಾಡ್ರಿ."

ಹುಸೇನಮ್ಮ ನನ್ನ ಕಡೆ ನೋಡಿ ನಕ್ಕರು. ಆ ನಗುವಿನ ಮುಂದೆ, ಅಷ್ಟು ಹೊತ್ತಿಗಾಗಲೇ ನಲವತ್ತೊಂದು ಮನೆಗಳಿಗೆ ಭಗವಂತರಾಯರ ಕೈಯನ್ನು ಮಾರಿ ಆಗಿದೆ ಎಂದು ನಾನು ಹೇಗೆ ಹೇಳಲಿ?

"ಆಗ್ಲಿ ರಾಯ್ರೇ," ಎಂದೆ.