ಶಟರ್ ಭಾವನ ಡೇರೆಗಳು

ಹೆಂಡತಿಯ ತವರಿನಲ್ಲಿ ಅವನಿಗಿದ್ದ ಹೆಸರು ಶಟರ್ ಭಾವ. ಹಾರ್ಡ್‌ವೇರ್ ಅಂಗಡಿ ಇಟ್ಟವನು. ಮದುವೆಯಿರಲಿ, ಹುಟ್ಟುಹಬ್ಬವಿರಲಿ, ಊಟದ ಹೊತ್ತಿಗೆ ಸರಿಯಾಗಿ ಬಂದು, ಕೈ ಒರೆಸಿಕೊಳ್ಳುತ್ತಲೇ “ಅಂಗಡಿ ಕಡೆ ಹೋಗಿ ಬಂದ್ಬಿಡ್ತೀನಿ” ಎಂದು ಕಾಲಿಗೆ ಬುದ್ಧಿ ಹೇಳುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೋಗಿ ಬಂದ್ಬಿಡ್ತೀನಿ ಅಂದವನು ಮತ್ತೆ ಮುಖ ತೋರಿಸುತ್ತಿದ್ದದ್ದು ಇನ್ನೊಬ್ಬರ ಮದುವೆಯ ಊಟಕ್ಕೆ.

ಈ ಸಲ ಬಾಮೈದನ ತಲೆಗೆ ಹುಳ ಹೊಕ್ಕಿತ್ತು. ಮನೆಮಂದಿಯೆಲ್ಲ ಸೇರಿ ಕಾಡಿನಂಚಿನ ಹೊಳೆದಂಡೆಯಲ್ಲಿ ಒಂದು ರಾತ್ರಿ ಡೇರೆ ಹಾಕಿಕೊಂಡು ಮಲಗಬೇಕಂತೆ. ಮನೆಮಂದಿ ಎಂದರೆ ಕಡಿಮೆಯಲ್ಲ, ಕೈಗೂಸುಗಳನ್ನು ಬಿಟ್ಟೇ ಮೂವತ್ತು ಜನ. ಹೊರಡುವ ಹಿಂದಿನ ವಾರ ಹೆಂಡತಿ ಪಾತ್ರೆ ಒರೆಸುತ್ತ, ತಿರುಗಿ ಕೂಡ ನೋಡದೆ ಹೇಳಿದ್ದಳು: “ಈ ಸಲವೂ ಮಧ್ಯದಲ್ಲಿ ಎದ್ದು ಹೋದ್ರೆ, ಇನ್ಮೇಲೆ ನಾನು ನಿಮ್ಮನ್ನ ಎಲ್ಲಿಗೂ ಕರೆಯಲ್ಲ.”

ಅವಳು ಜಗಳವಾಡಿದ್ದರೆ ಅವನು ಹಾಯಾಗಿ ನಿದ್ದೆ ಹೊಡೆಯುತ್ತಿದ್ದ. ದನಿ ಏರಿಸದೆ ಹೇಳಿದಳಲ್ಲ, ಅದು ಎದೆಗೆ ನಾಟಿತು. ಅವಳು ನಿಜವಾಗಿಯೂ ಕರೆಯುವುದನ್ನು ನಿಲ್ಲಿಸಿಬಿಟ್ಟರೆ ಏನು ಗತಿ ಎಂದು ಅವನಿಗೆ ಭಯವಾಯಿತು. ಅದಕ್ಕೇ ಡೇರೆಗಳ ಜವಾಬ್ದಾರಿ ತನ್ನದೇ ಎಂದು ಮೇಲೆ ಬಿದ್ದು ವಹಿಸಿಕೊಂಡ.

ಎಡವಟ್ಟಾದದ್ದು ಅಲ್ಲೇ. ಬಾಡಿಗೆಯ ಡೇರೆಗಳು ಎರಡು ದಿನ ಮೊದಲೇ ಅಂಗಡಿಗೆ ಬಂದು ಬಿದ್ದವು. ಒಂದೊಂದು ಚೀಲದಲ್ಲಿ ಬಟ್ಟೆ, ಕಂಬ, ಗೂಟ, ಹಗ್ಗ ಎಲ್ಲ ಕಲಸುಮೇಲೋಗರ. ಮೊಳೆಯ ಡಬ್ಬಿಯಲ್ಲಿ ಒಂದು ಸ್ಕ್ರೂ ಕಂಡರೂ ಊಟ ಸೇರದ ಮನುಷ್ಯನಿಗೆ ಇದನ್ನು ಸಹಿಸುವುದು ಸಾಧ್ಯವಿತ್ತೆ? ಶಟರ್ ಎಳೆದು ಕೂತು ಎಲ್ಲ ಚೀಲಗಳನ್ನೂ ಬರಿದು ಮಾಡಿದ. ಕಂಬಗಳನ್ನು ಉದ್ದದ ಪ್ರಕಾರ ಕಟ್ಟು ಕಟ್ಟಿದ. ಗೂಟಗಳನ್ನು ದಪ್ಪದ ಪ್ರಕಾರ ಡಬ್ಬಿಗಳಿಗೆ ಹಾಕಿದ. ಹಗ್ಗಗಳನ್ನು ಸುತ್ತಿ, ಬಟ್ಟೆಗಳನ್ನು ಇಸ್ತ್ರಿ ಮಾಡಿದಂತೆ ಮಡಚಿಟ್ಟ. ಮುಗಿದ ಮೇಲೆ ದೂರ ನಿಂತು ನೋಡಿ, ಬಾಡಿಗೆಯವನಿಗೆ ಇಷ್ಟೂ ಬುದ್ಧಿ ಬೇಡವೇ ಎಂದು ಮರುಗಿದ.

ಹೊಳೆದಂಡೆಯಲ್ಲಿ ಒಂದು ಫಲಕವಿತ್ತು: ‘ಇಲ್ಲಿ ನೀರಿನ ನಲ್ಲಿ, ದೀಪ, ಕಾವಲುಗಾರ ಇತ್ಯಾದಿ ಯಾವುದೂ ಇಲ್ಲ.’ ಬರೆದವನು ಸತ್ಯವಂತ. ಪೊದೆಯ ಹಿಂದೆ ತಗಡಿನ ಬಾಗಿಲಿನ ಒಂದು ಕಕ್ಕಸು ಇತ್ತು, ಅದರ ಚಿಲಕ ಇದ್ದದ್ದು ಹೊರಗಡೆ. ಫೋನಿಗೆ ಸಿಗ್ನಲ್ ಇರಲಿಲ್ಲ. ನಾದಿನಿ ಮರಮರದ ಬುಡಕ್ಕೂ ಹೋಗಿ ಚಾರ್ಜರ್ ಹಾಕಲು ಪ್ಲಗ್ ಹುಡುಕಿದಳು. ಅತ್ತೆಯೊಬ್ಬರೇ ಬುದ್ಧಿವಂತರು, ಮನೆಯಿಂದಲೇ ಮಡಚುವ ಮಂಚ ಹೊರಿಸಿಕೊಂಡು ಬಂದಿದ್ದರು.

ವ್ಯಾನಿನಿಂದ ಸಾಮಾನು ಇಳಿಯಿತು. ಅವನು ಕಟ್ಟುಗಳನ್ನು ಸಾಲಾಗಿ ಜೋಡಿಸಿ, ಹೊಗಳಿಕೆಗೆ ಕಾದು ನಿಂತ.

“ಭಾವ, ಯಾವ ಡೇರೆಗೆ ಯಾವ ಕಂಬ?” ಎಂದ ಬಾಮೈದ.

“ಉದ್ದದ್ದೆಲ್ಲ ಇಲ್ಲಿದೆ, ಗಿಡ್ಡದ್ದೆಲ್ಲ ಅಲ್ಲಿದೆ.”

“ಅದು ಕಾಣ್ತಿದೆ. ಯಾವುದು ಯಾವುದಕ್ಕೆ ಅಂತ ಕೇಳ್ದೆ.”

ಆಗ ಅವನಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಒಂದು ಡೇರೆಯಂತೆ ಇನ್ನೊಂದಿರಲಿಲ್ಲ. ಕಂಬದ ತುದಿಗೆ ಬಟ್ಟೆಯ ತೂತು ಹೊಂದಲಿಲ್ಲ, ತೂತು ಹೊಂದಿದರೆ ಉದ್ದ ಹೊಂದಲಿಲ್ಲ. ಬಾಮೈದ ಡ್ರೈವಿಂಗ್ ಸ್ಕೂಲಿನ ಮಾಸ್ತರ, “ನಿಧಾನ, ನಿಧಾನ, ಈಗ ಎಡಕ್ಕೆ ತಿರುಗಿಸಿ, ಕನ್ನಡಿ ನೋಡಿ” ಎಂದು ಅಭ್ಯಾಸಬಲದಿಂದ ಕೂಗುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದು ತುದಿಯನ್ನು ಇವರು ಜಗ್ಗಿದರೆ ಇನ್ನೊಂದನ್ನು ಅವರು ಜಗ್ಗಿದರು. ಕೊನೆಗೆ ಎದ್ದು ನಿಂತ ಒಂದೇ ಒಂದು ಡೇರೆ, ಷಡ್ಡಕ ಸೀನಿದ ಕೂಡಲೇ ಅವನ ಮೇಲೆಯೇ ಕುಸಿಯಿತು. ಬಿಸಿಲು ಇಳಿಯುತ್ತಿತ್ತು, ಆಚೆ ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು.

ಶಟರ್ ಭಾವ ಗಂಟಲು ಸರಿಮಾಡಿಕೊಂಡ. “ಅಂಗಡೀಲಿ ದೊಡ್ಡ ಟಾರ್ಪಾಲ್ ಇದೆ. ಹೋಗಿ ತಂದ್ಬಿಡ್ತೀನಿ.”

ನಾದಿನಿ ಷಡ್ಡಕನ ಮುಖ ನೋಡಿದಳು. ಷಡ್ಡಕ ಆಕಾಶ ನೋಡಿದ. “ಹೋಗಿಬನ್ನಿ ಭಾವ, ನಿಮ್ಮ ಪಾಲಿನ ಊಟ ಎತ್ತಿಡೋದೋ ಬೇಡ್ವೋ?” ಎಂದು ಬಾಮೈದ ಕೇಳಿದ್ದಕ್ಕೆ ಮಕ್ಕಳೂ ಕಿಸಕ್ಕೆಂದವು. ಅವನು ನಿಜವಾಗಿಯೂ ವಾಪಸು ಬರುವವನಿದ್ದ. ಆದರೆ ಅದನ್ನು ಯಾವ ಬಾಯಿಂದ ಹೇಳುವುದು?

ಆಲೂಗಡ್ಡೆ ಹೆಚ್ಚುತ್ತಿದ್ದ ಹೆಂಡತಿ ಚಾಕು ಕೆಳಗಿಟ್ಟು ಎದ್ದು ಬಂದಳು. “ಕಾರಿನ ಕೀ, ಅಂಗಡಿ ಕೀ ಎರಡೂ ಕೊಡಿ.”

“ಯಾಕೆ?”

“ನಾನು ಹೋಗಿ ತರ್ತೀನಿ. ನೀವಿರಿ.”

ತಮ್ಮನೇ ಕಲಿಸಿದ ಡ್ರೈವಿಂಗು, ಅದಕ್ಕೆ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಅವನ ಜೀವಕ್ಕೆ. ಅಂಗಡಿಯ ಗಲ್ಲಾದ ಹಿಂದೆ ಅವನ ಹೊರತು ಯಾರೂ ಕಾಲಿಟ್ಟವರಲ್ಲ. “ಒಳಗಡೆ ಬಲಗಡೆ ಅಟ್ಟದ ಮೇಲಿದೆ, ಶಟರ್ ಪೂರ್ತಿ ಎತ್ತಬೇಡ, ಪೈಂಟ್ ಡಬ್ಬಿ ಮುಟ್ಟಬೇಡ” ಎನ್ನುತ್ತ ಕಾರಿನ ಪಕ್ಕದಲ್ಲೇ ಓಡಿದ. ಅವಳು ಗಾಜು ಏರಿಸಿಕೊಂಡು ಹೊರಟುಹೋದಳು.

ಮೊದಲ ಅರ್ಧ ಗಂಟೆ ಅವನು ಅಂಗಡಿಯ ಬಗ್ಗೆ ಚಿಂತಿಸಿದ. ಆಮೇಲೆ ಅತ್ತೆಯ ಮೊಣಕಾಲಿನ ಕಥೆ ಕೇಳಿದ, ನಾದಿನಿಯ ಮನೆಗೆ ಯಾವ ಟೈಲ್ಸ್ ಚೆಂದ ಎಂದು ಹೇಳಿದ, ಹೊರಗಿನ ಚಿಲಕದ ಕಕ್ಕಸಿನಲ್ಲಿ ಸಿಕ್ಕಿಕೊಂಡ ಷಡ್ಡಕನನ್ನು ಬಿಡಿಸಿದ. ಬೆಳಕು ಕಂದುತ್ತ ಬಂದ ಹಾಗೆ ಅಂಗಡಿ ಮರೆತೇಹೋಯಿತು. ಹೋಗಿ ಬರಲು ಎರಡು ಗಂಟೆ ಸಾಕು, ಅವಳು ಹೋಗಿ ಆಗಲೇ ಮೂರು ಗಂಟೆಯಾಗುತ್ತ ಬಂದಿತ್ತು. ಅವನು ಮಣ್ಣುದಾರಿಯ ತಿರುವಿಗೆ ಹೋಗಿ ನಿಂತ. ಒಂದು ಬೈಕು ಬಂತು, ಒಂದು ಟ್ರ್ಯಾಕ್ಟರ್ ಬಂತು, ಅವಳು ಬರಲಿಲ್ಲ.

“ಬರ್ತಾಳೆ ಬಿಡಿ ಭಾವ, ಊಟಕ್ಕೆ ಕೂತ್ಕೊಳ್ಳಿ” ಎಂದು ಒಬ್ಬೊಬ್ಬರೇ ಬಂದು ಕರೆದು ಹೋದರು. ಯಾರ ಮಾತೂ ತಲೆಗೆ ಹೋಗಲಿಲ್ಲ. ಕೊನೆಗೆ ಕೋಲೂರಿಕೊಂಡು ಅತ್ತೆಯೇ ಬಂದರು.

“ಅವಳೂ ಹೀಗೇ ಅಳಿಯಂದಿರೇ. ನಮ್ಮನೇಲಿ ಏನೇ ಇದ್ರೂ ನೀವು ವಾಪಸು ಬರ್ತೀರಿ ಅಂತ ಗೇಟಿನ ಹತ್ರ ನಿಲ್ತಿದ್ಲು. ನಾವು ಕರೆದ್ರೂ ಒಳಗೆ ಬರ್ತಿರಲಿಲ್ಲ.”

ಅತ್ತೆ ಚುಚ್ಚಲೆಂದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವಳು ಸಿಡುಕುತ್ತಿದ್ದದ್ದು ನೆಂಟರೆದುರಿನ ಮರ್ಯಾದೆಗೆ ಎಂದುಕೊಂಡಿದ್ದ. ಕಾಯುವವರು ಒಂದೊಂದು ಗಾಡಿಯ ಸದ್ದಿಗೂ ಹೀಗೆ ಕತ್ತು ಚಾಚುತ್ತಾರೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಕತ್ತಲು ಕವಿಯುವ ಹೊತ್ತಿಗೆ ಕಾರು ಬಂತು. ಅವಳು ಇಳಿದಳು, ಕೈಗೆಲ್ಲ ಗ್ರೀಸು, ಮುಖದಲ್ಲಿ ಅವನು ಎಂದೂ ಕಾಣದ ಕಳೆ.

“ಇಷ್ಟು ಹೊತ್ತಾ?” ಎನ್ನುತ್ತ ಅವನು ಓಡಿಬಂದ.

“ಗಿರಾಕಿ ಬಂದ್ರು. ಬಾಗಿಲಲ್ಲಿ ನಿಂತವರಿಗೆ ಇಲ್ಲ ಅನ್ನಕ್ಕಾಗತ್ತಾ? ಮೂಲೇಲಿ ತುಕ್ಕು ಹಿಡೀತಿತ್ತಲ್ಲ ಆ ಬಾಗಿಲಿನ ಹಳೇ ಕೀಲುಗಳು, ಅಷ್ಟನ್ನೂ ಮಾರಿದೆ.”

ಅವನು ಡಿಕ್ಕಿಯಿಂದ ಟಾರ್ಪಾಲ್ ಇಳಿಸತೊಡಗಿದ. ಏನು ಹೇಳಿದರೂ ಅದು ತನ್ನ ಮೇಲೆಯೇ ಬೀಳುವಂತಿತ್ತು.

ಟಾರ್ಪಾಲ್ ಏಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದೇ ಉದ್ದದ ಕಂಬಗಳು ಕಟ್ಟಿಟ್ಟಂತೆಯೇ ಕೈಗೆ ಸಿಕ್ಕವು, ಡೇರೆಯ ಬಟ್ಟೆಗಳು ಹಾಸಿಗೆಯಾದವು. ಅವರಿಬ್ಬರನ್ನು ಬಿಟ್ಟು ಮನೆಮಂದಿಯೆಲ್ಲ ಒಂದೇ ಸೂರಿನಡಿ ಸಾಲಾಗಿ ಉರುಳಿಕೊಂಡರು. ಒಂದು ಕಡೆ ಷಡ್ಡಕನ ಗೊರಕೆ, ಇನ್ನೊಂದು ಕಡೆ ನಿದ್ದೆಯಲ್ಲೂ “ಬ್ರೇಕ್, ಬ್ರೇಕ್” ಎನ್ನುವ ಬಾಮೈದ. ಗಂಡಹೆಂಡಿರು ಹೊಳೆಯ ಹತ್ತಿರ ಕೂತು ತಡವಾದ ಊಟ ಮುಗಿಸಿದರು.

“ಅಂಗಡೀಲಿ ಎಷ್ಟು ನೆಮ್ಮದಿ ರೀ” ಎಂದಳು ಅವಳು ತಟ್ಟೆ ತೊಳೆಯುತ್ತ. “ಒಬ್ರೂ ಕರೆಯೋರಿಲ್ಲ, ಕೇಳೋರಿಲ್ಲ. ನೀವು ಯಾಕೆ ಓಡಿಹೋಗ್ತಿದ್ರಿ ಅಂತ ಇವತ್ತು ಗೊತ್ತಾಯ್ತು.”

“ನೀನು ಯಾಕೆ ಕೋಪ ಮಾಡ್ಕೋತಿದ್ದೆ ಅಂತ ನನಗೂ ಗೊತ್ತಾಯ್ತು” ಎಂದ ಅವನು. “ಇನ್ಮೇಲೆ ಹೋಗಲ್ಲ.”

“ಒಳ್ಳೇದಾಯ್ತು. ಬೆಳಿಗ್ಗೆ ಬರ್ತೀನಿ ಅಂತ ಆ ಗಿರಾಕಿ ಹೇಳಿದಾರೆ. ನಾನು ಬೇಗ ಎದ್ದು ಹೋಗಿ ಅಂಗಡಿ ತೆಗೀತೀನಿ.”

“ನಾನೂ ಬರ್ತೀನಿ.”

ಅವಳು ಸೂರಿನ ಕಡೆಗೊಮ್ಮೆ ನೋಡಿ ತಲೆಯಾಡಿಸಿದಳು. “ಬೇಡ. ಒಬ್ಬರಾದ್ರೂ ಇರಬೇಕಲ್ಲ, ನಮ್ಮವರು ಏನಂದ್ಕೊಳ್ತಾರೆ.”