ಕೊಬ್ಬರಿ ಮಿಠಾಯಿಯ ಭೂಶಿರ

ದಸರೆಗೆ ಗೊಂಬೆ ಕೂರಿಸುವುದು ಲೋಕೇಶನ ಕೆಲಸವಾಗಿರಲಿಲ್ಲ, ಅದು ಹೆಂಡತಿ ಮಾನಸಳದು. ಆದರೆ ಈ ಸಲ ಅವಳು ದಕ್ಷಿಣ ಧ್ರುವದ ಹತ್ತಿರದ ಒಂದು ದ್ವೀಪದಲ್ಲಿ, ಸಂಶೋಧನಾ ಕೇಂದ್ರದ ಡಾಕ್ಟರಾಗಿ ವರ್ಷದ ಮಟ್ಟಿಗೆ ಹೋಗಿ ಕೂತಿದ್ದಳು. ಮೈಸೂರಿನಿಂದ ತಂದ ಗೊಂಬೆಗಳು ಪೆಟ್ಟಿಗೆಯಲ್ಲೇ ಉಳಿಯಬಾರದು ಎಂದು ಹೇಳಿ, ನಿಮ್ಮಿಂದ ಆಗುತ್ತದೆಯೋ ಇಲ್ಲವೋ ಎಂದು ಕುಟುಕಿಯೂ ಹೋಗಿದ್ದಳು.

ಆ ಕುಟುಕೇ ಕೆಲಸ ಮಾಡಿತು. ತಾವು ನೆಲೆಸಿದ್ದ ಪರದೇಶದ ಊರಾದ ಸುಬಾಂಗ್ ಜಯಾದ ಫ್ಲ್ಯಾಟಿನಲ್ಲಿ ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರಿಸಿದ ಲೋಕೇಶ, ಕೆಳಗೆ ಪ್ರತಿ ವರ್ಷ ಪುಟ್ಟ ಪಾರ್ಕು ಮಾಡುವ ಜಾಗದಲ್ಲಿ ಅವಳ ಕಿಟಕಿಗೆ ಕಾಣುವ ಭೂಶಿರವನ್ನೇ ಮಾಡಲು ಹೊರಟ. ಕಪ್ಪು ಕಲ್ಲು ಪೇರಿಸಿ, ನೀಲಿ ಸೀರೆ ಹಾಸಿ ಸಮುದ್ರ ಮಾಡಿದ. ಹಿಮಕ್ಕೆ ಉಪ್ಪು ಸುರಿದರೆ ಇಲ್ಲಿನ ಸೆಕೆಗೆ ಸಂಜೆಯೊಳಗೆ ಒದ್ದೆಮುದ್ದೆಯಾಯಿತು. ಹತ್ತಿ ಅಂಟಿಸಿದರೆ ಬಂಡೆಗೆ ಗಾಯವಾದಂತೆ ಕಂಡಿತು. ಕೊನೆಗೆ ಪಕ್ಕದ ಮನೆಯ ಉಡುಪಿಯ ಸ್ವರ್ಣಲತಕ್ಕ, "ಕೊಬ್ಬರಿ ಮಿಠಾಯಿ ಮಾಡಿ ಹೊದೆಸು ಮಾರಾಯ, ಆಮೇಲೆ ಹಂಚ್ಲಿಕ್ಕೂ ಆಯ್ತು" ಎಂದರು.

ಅಂಗೈ ಸುಟ್ಟುಕೊಂಡು ಮಾಡಿದ ಮಿಠಾಯಿ ಹೊದ್ದು ಬಂಡೆ ಬೆಳ್ಳಗೆ ಹೊಳೆಯಿತು. ಸಂಜೆ ಮಾನಸ ವಿಡಿಯೋ ಕಾಲ್ ಮಾಡುವವಳಿದ್ದಳು. ಆ ದ್ವೀಪದಿಂದ ಸಂಪರ್ಕ ಸಿಗುವುದೇ ಅಪರೂಪ. ಇದನ್ನು ಕಂಡು ಅವಳ ಮುಖ ಅರಳಬೇಕು, ಅವನಿಗೆ ಬೇಕಿದ್ದದ್ದು ಅಷ್ಟೇ.

ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಬ್ಲಾಕಿನ ಮಕ್ಕಳೆಲ್ಲ "ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬಂದಿದ್ದರು. ಗೊಂಬೆ ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಮ್ಮ ಕಲಿಸಿದ್ದನ್ನು ಮಗಳು ನವ್ಯಾ ಚಾಚೂ ತಪ್ಪದೆ ಪಾಲಿಸಿದ್ದಳು. ಬಂಡೆ ಬೋಳಾಗಿತ್ತು.

"ಪಪ್ಪಾ, ಎವ್ರಿಬಡಿ ಲೈಕ್ಡ್ ಇಟ್ ಲಾ," ಎಂದು ಇಲ್ಲಿನವರ ರಾಗದಲ್ಲೇ ಹೇಳಿದಳು.

ಲೋಕೇಶ ಬೈಯಲು ಹೊರಟ. ಎಷ್ಟು ಹುಡುಕಿದರೂ ಮಗಳ ತಪ್ಪು ಸಿಗಲಿಲ್ಲ. ಮಕ್ಕಳು ಬಾಯಿ ತುಂಬಿಕೊಂಡು ಬಂಡೆಯ ಸುತ್ತ ಕುಕ್ಕರುಗಾಲಲ್ಲಿ ಕೂತಿದ್ದರು. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

ಮಾನಸ ನೋಡಿದಳು. ಹಿಮ ಇತ್ತು, ಈಗಷ್ಟೇ ಖಾಲಿಯಾಯಿತು, ಸಾರಿ ಎಂದು ಲೋಕೇಶ ಸಮಜಾಯಿಷಿ ಕೊಡತೊಡಗಿದ.

"ಸಾರಿ ಯಾಕ್ರೀ ಕೇಳ್ತೀರಾ? ಇಲ್ಲಿ ನೋಡಿ," ಎಂದು ಅವಳು ಫೋನನ್ನು ಕಿಟಕಿಗೆ ತಿರುಗಿಸಿದಳು. ಗಾಳಿ ಹಿಮವನ್ನೆಲ್ಲ ಗುಡಿಸಿಹಾಕಿ, ಭೂಶಿರ ಕಪ್ಪಗೆ ಬೋಳಾಗಿ ನಿಂತಿತ್ತು. ಅದರ ತುಂಬ ಪೆಂಗ್ವಿನ್ನುಗಳು. "ಬಂಡೆ ಬರಿದಾಗೋವರೆಗೂ ಇವು ಗೂಡು ಕಟ್ಟಲ್ಲ. ಇಡೀ ಚಳಿಗಾಲ ಇವಕ್ಕೇ ಕಾದಿದ್ದೆ. ಇವತ್ತು ಬೆಳಿಗ್ಗೆ ಬಂದ್ವು."

"ಇಲ್ಲೂ ಬಂದಿವೆ," ಎಂದು ಲೋಕೇಶ ಫೋನನ್ನು ಮಕ್ಕಳತ್ತ ಹಿಡಿದ.

ಅಷ್ಟು ದೂರದಿಂದ ಅವಳು ನಕ್ಕ ನಗು ಪಕ್ಕದ ಮನೆಗೂ ಕೇಳಿ, ಸ್ವರ್ಣಲತಕ್ಕ ಕೈಯಲ್ಲಿ ಸೌಟು ಹಿಡಿದುಕೊಂಡೇ ಓಡಿಬಂದರು.