ಹೊಳೆ ದಾಟಿದ ಫೋನು

ಫಾಕುಂದಾಳ ಅಂಗಡಿಯೆಂದರೆ ಒಂದು ಮೇಜು, ಒಂದು ಮರದ ಒರಳು, ಹದಿನಾಲ್ಕು ಬುಟ್ಟಿ ಬೇರು ಸೊಪ್ಪು. ಎನ್ಕಾರ್ನಸಿಯೋನ್ ಊರಿನ ಹೊಳೆದಂಡೆಯಲ್ಲಿ ಬೆಳಗಿನ ಮಾತೆ ಎಂಬ ಸೊಪ್ಪಿನ ಕಷಾಯ ಕುಡಿಯುವವರೆಲ್ಲ ಅವಳ ಮುಂದೆ ನಿಂತು ಹೊಟ್ಟೆಯುಬ್ಬರ, ಉರಿಮೂತ್ರ, ನಿದ್ದೆಗೇಡು ಎಲ್ಲವನ್ನೂ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದರು. ಅವಳು ತಕ್ಕ ಸೊಪ್ಪು ಕುಟ್ಟಿ ಅವರ ಬಿಸಿನೀರಿಗೆ ಹಾಕಿಕೊಡುತ್ತಿದ್ದಳು. ಗೌರವಕ್ಕೆ ಎಲ್ಲರೂ ಅವಳನ್ನು ನ್ಯಾ ಫಾಕುಂದಾ ಎನ್ನುತ್ತಿದ್ದರು. ಊರಿನ ಗುಟ್ಟನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವಳಿಗೆ ತನ್ನದೊಂದು ಗುಟ್ಟನ್ನು ಮಾತ್ರ ಮುಚ್ಚಿಡಲಾಗಲಿಲ್ಲ.

ಗುಟ್ಟಿನ ಹೆಸರು ದೋನ್ ಲಿಬೋರಿಯೊ. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾದ ದರ್ಜಿ. ಒಂದು ಸಂಜೆ ಬಂದವನು ಎಂದಿನ ಮೊಣಕಾಲು ನೋವಿನ ಸೊಪ್ಪು ಕೇಳದೆ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಾಳೆ ಹನ್ನೆರಡರ ಬಸ್ಸಿಗೆ ಬ್ಯೂನಸ್ ಐರಿಸ್‌ಗೆ ಹೊರಟಿದ್ದೀನಿ, ನ್ಯಾ ಫಾಕುಂದಾ. ತಂಗಿ ಮನೇಲೇ ಇದ್ದುಬಿಡೋದು ಅಂತ. ನೀವು ಬೇಡ ಅಂದ್ರೆ ಹೋಗಲ್ಲ. ಇಲ್ಲೇ ನಿಮ್ಮ ಜೊತೆ ಇದ್ದುಬಿಡ್ತೀನಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೈ ಅಡ್ಡ ಹಿಡಿದ. "ಈಗ ಬೇಡ. ಯೋಚನೆ ಮಾಡಿ ಫೋನಲ್ಲಿ ಬರೆದು ಕಳಿಸಿ. ಬಾಯಲ್ಲಿ ಹೇಳಿದ್ರೆ ನನ್ನ ಕಿವಿ ಅರ್ಧ ನುಂಗಿಬಿಡತ್ತೆ. ಇಂಥ ಮಾತನ್ನ ಅರ್ಧ ಕೇಳಿಸ್ಕೊಳ್ಳೋಕಾಗತ್ತಾ?"

ಪಕ್ಕದ ಗೂಡಂಗಡಿಯಲ್ಲಿ ಫೋನು ರಿಪೇರಿ ಮಾಡುವ ನಿದಿಯಾಳ ಕಿವಿಗೆ ಅಂಥ ತೊಂದರೆಯೇನೂ ಇರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

ಮರುದಿನ ಬೆಳಗ್ಗೆ ಅವಳು ಶುರುಮಾಡಿದಳು. "ಏನು ನ್ಯಾ ಫಾಕುಂದಾ, ಇವತ್ತು ಕಿವಿಗೆ ಓಲೆ ಬೇರೆ! ಎದೆ ಡವಡವ ಅಂದ್ರೆ ಯಾವ ಸೊಪ್ಪು ಕುಟ್ತೀರಿ?"

"ನಿನ್ನ ಬಾಯಿ ಕಟ್ಟೋ ಸೊಪ್ಪು ಸಿಕ್ಕಿದ್ರೆ ಮೊದಲು ಅದನ್ನ ಕುಟ್ತೀನಿ ಕಣೇ."

"ಬರೆದಾಯ್ತಾ ಉತ್ತರ? ತೋರಿಸಿ, ತಪ್ಪಿದ್ರೆ ತಿದ್ದಿಕೊಡ್ತೀನಿ."

ಫಾಕುಂದಾ ಶಾಲು ಬಿಗಿದು, ಫೋನು ಹಿಡಿದು, ಮೆಟ್ಟಿಲಿಳಿದು ನೀರಿನ ಪಕ್ಕದ ಕಲ್ಲುಬೆಂಚಿಗೆ ಹೋಗಿ ಕೂತಳು. ಅಲ್ಲಿ ಇಣುಕಿ ನೋಡಲು ಯಾರೂ ಇರಲಿಲ್ಲ. ಹೊಳೆಯೇ ದೇಶದ ಗಡಿ; ಎದುರು ದಡದಲ್ಲಿ ಅರ್ಜೆಂಟೀನಾದ ಪೊಸಾದಾಸ್ ಊರು ಚಳಿಗೆ ಮುದುಡಿಕೊಂಡು ಕಾಣುತ್ತಿತ್ತು.

ಒಂದೊಂದೇ ಅಕ್ಷರ ಒತ್ತಿ, ಎರಡು ಸಲ ಓದಿ, ಕಳಿಸಿದಳು. ಸಾಲಿನ ಕೆಳಗೆ ಒಂದು ಪುಟ್ಟ ಗಡಿಯಾರದ ಗುರುತು ಮೂಡಿತು. ಮೂಡಿದ್ದು ಅಲ್ಲೇ ಕೂತಿತು. ಹೋಗಿಲ್ಲವೇನೋ ಎಂದು ಇನ್ನೊಮ್ಮೆ ಬರೆದಳು. ಹೋಗಿದ್ದರೂ ಅವನು ಬೇಕೆಂದೇ ಸುಮ್ಮನಿರಬಹುದು ಎಂದು ಮತ್ತೊಮ್ಮೆ ಬರೆದಳು. ಫೋನನ್ನು ಆಕಾಶಕ್ಕೆ ಹಿಡಿದಳು, ಶಾಲಿನೊಳಗೆ ಇಟ್ಟು ಬೆಚ್ಚಗೆ ಮಾಡಿದಳು, ಆರಿಸಿ ಹೊತ್ತಿಸಿದಳು. ಕೊನೆಗೊಮ್ಮೆ ಮೇಲಿನ ಮೂಲೆ ನೋಡಿದರೆ ಹನ್ನೆರಡೂ ಐದು.

ಮೆಟ್ಟಿಲು ಹತ್ತಿ ಬಂದವಳ ಮುಖ ನೋಡಿ ನಿದಿಯಾ ಚುಡಾಯಿಸುವುದನ್ನೇ ಮರೆತಳು.

"ಬಸ್ಸು ಹೋಯ್ತು ನಿದಿಯಾ. ಈ ದರಿದ್ರ ಫೋನು ಒಂದಕ್ಷರ ಕಳಿಸಲಿಲ್ಲ. ನಾನೇ ಅವನನ್ನ ಬೇಡ ಅಂದೆ ಅಂತ ತಿಳ್ಕೊಂಡಿರ್ತಾನೆ."

"ಕೊಡಿ ಇಲ್ಲಿ." ನಿದಿಯಾ ವಿಮಾನದ ಗುರುತನ್ನು ಒಮ್ಮೆ ಒತ್ತಿ, ಮತ್ತೆ ತೆಗೆದಳು. ಡೇಟಾ ಪ್ಯಾಕು ಮುಗಿದಿದೆಯೇ ನೋಡಿದಳು, ಮುಗಿದಿರಲಿಲ್ಲ. ಸಿಮ್ಮು ತೆಗೆದು ಲಂಗಕ್ಕೆ ಒರೆಸಿ ಮತ್ತೆ ಹಾಕಿದಳು. ಡೇಟಾ ಚಾಲೂ ಇದ್ದರೂ ಏನೂ ಹೋಗುತ್ತಿರಲಿಲ್ಲ. ಆಮೇಲೆ ಗಂಟೆ ನೋಡಿದಳು. ತನ್ನ ಫೋನಿನ ಗಂಟೆಯನ್ನೂ ನೋಡಿದಳು. ನಗು ತಡೆಯಲಾರದೆ ಸ್ಟೂಲಿನ ಮೇಲೆ ಕೂತಳು.

"ಪಾಸ್‌ಪೋರ್ಟ್ ಇದೆಯಾ ನಿಮ್ಮ ಹತ್ರ?"

"ನಗಬೇಡ್ವೇ, ಹೊಟ್ಟೆ ಉರೀತಿದೆ ನನಗೆ."

"ನಿಮ್ಮ ಫೋನು ಅರ್ಜೆಂಟೀನಾಕ್ಕೆ ಹೋಗಿ ಕೂತಿದೆ! ಆ ಕಡೆ ಟವರ್ ಹಿಡ್ಕೊಂಡಿದೆ. ಅವರದು ಒಂದು ಗಂಟೆ ಮುಂದಲ್ವಾ ಈ ಚಳಿಗಾಲದಲ್ಲಿ? ನಮ್ಮಲ್ಲಿನ್ನೂ ಹನ್ನೊಂದೂ ಕಾಲು ಆಗಿಲ್ಲ."

ಫಾಕುಂದಾ ಒರಳಿನ ಅಂಚು ಹಿಡಿದುಕೊಂಡಳು. ದಂಡೆಯ ಮೇಲೆ ನಲವತ್ತು ವರ್ಷ ಕಳೆದವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಹೋದ ವರ್ಷ ಫೋನು ಹೀಗೇ ಆಚೆ ದಡದ ಟವರಿಗೆ ಹತ್ತಿಕೊಂಡು ತಿಂಗಳ ಪ್ಯಾಕನ್ನೆಲ್ಲ ಮಧ್ಯಾಹ್ನದೊಳಗೆ ನುಂಗಿದಾಗ, ಇನ್ನು ಹೊರದೇಶದಲ್ಲಿ ಡೇಟಾ ಓಡಲೇಕೂಡದೆಂದು ಇದೇ ನಿದಿಯಾಳ ಕೈಲಿ ರೋಮಿಂಗ್ ಬಂದ್ ಮಾಡಿಸಿದ್ದಳು. ದಂಡೆಯವರೆಲ್ಲ ಮಾಡುವುದೂ ಅದನ್ನೇ. ಫೋನು ಹೇಳಿದಂತೆ ಕೇಳಿತ್ತು, ಅಷ್ಟೆ.

"ಇಲ್ಲೇ ಕೂತು ಬರೆದಿದ್ರೆ ನಮ್ಮ ಟವರೇ ಸಿಗ್ತಿತ್ತು. ಒಮ್ಮೆ ಆಚೇದನ್ನ ಹಿಡಿದ್ರೆ ಬಿಡಲ್ಲ ಇದು. ನೀರಿನ ಪಕ್ಕ ಯಾಕೆ ಹೋಗಿದ್ರಿ?"

"ನಿನ್ನ ಕಾಟಕ್ಕೆ!"

ನಿದಿಯಾ ನಾಲಿಗೆ ಕಚ್ಚಿಕೊಂಡು ಸೆಟ್ಟಿಂಗಿನೊಳಗೆ ಹೋದಳು. ನೆಟ್‌ವರ್ಕನ್ನು ಫೋನೇ ಆರಿಸಿಕೊಳ್ಳುವುದನ್ನು ನಿಲ್ಲಿಸಿ, ಪಟ್ಟಿಯಲ್ಲಿ ಆಚೆ ದಡದ ಹೆಸರುಗಳನ್ನು ದಾಟಿ ತಮ್ಮ ಕಂಪನಿಯ ಹೆಸರು ಒತ್ತಿದಳು. ಒಂದು ನಿಮಿಷ ಏನೋ ಸುತ್ತಿತು. ಗಂಟೆ ಹಿಂದಕ್ಕೆ ಹಾರಿ ಹನ್ನೊಂದೂ ಹದಿನಾಲ್ಕಾಯಿತು. ಕೂಡಲೇ ಫೋನು ಟಿಂಗ್ ಟಿಂಗ್ ಎನ್ನತೊಡಗಿತು.

"ಎಷ್ಟು ಬರೆದಿದ್ರಿ ನೀವು?"

"ಒಂದೋ ಎರಡೋ."

ಏಳು. ಒಂದರ ಹಿಂದೊಂದು ಹೋದವು. ನಿದಿಯಾ ಗಟ್ಟಿಯಾಗಿ ಓದಿದಳು: "'ಮಾನ್ಯ ದೋನ್ ಲಿಬೋರಿಯೊ, ತಾವು ಹೋಗುವ ಅಗತ್ಯ ನನಗೆ ಕಾಣುತ್ತಿಲ್ಲ.' ಅಬ್ಬಾ, ಪುರಸಭೆ ನೋಟಿಸು! 'ಹೋಗಬೇಡಿ.' ಇದು ಸರಿ. 'ಓದಿದಿರಾ?' 'ಹೋಗಬೇಡ ಅಂದೆನಲ್ಲ.' 'ಉತ್ತರ ಕೊಡೋಕೆ ಕೈಗೇನಾಗಿದೆ?' 'ಕಿವಿ ಕೇಳಲ್ಲ ಸರಿ, ಕಣ್ಣೂ ಕಾಣಲ್ವಾ ಮುದುಕ?' ಕೊನೇದು..."

"ಕೊನೇದೇನು?"

"'ಹೋಗು ಹಾಗಾದ್ರೆ, ಯಾರಿಗೆ ಬೇಕಾಗಿದೆ!'"

"ಅಯ್ಯೋ, ಅದನ್ನ ಅಳಿಸೇ!"

ನಿದಿಯಾಳ ಹೆಬ್ಬೆರಳು ತಲುಪುವ ಮೊದಲೇ ಏಳೂ ಸಾಲಿನ ಕೆಳಗಿನ ಟಿಕ್ ಗುರುತುಗಳು ನೀಲಿಯಾದವು, ಅವನು ಓದಿಬಿಟ್ಟಿದ್ದ. ಲಿಬೋರಿಯೊ ಬರೆಯುತ್ತಿದ್ದಾನೆ ಎಂದು ಮೇಲೆ ಕಂಡಿತು. ಬಟನ್ ಹೊಲಿಯುವಷ್ಟೇ ನಿಧಾನವಾಗಿ ಬರೆಯುವ ಮನುಷ್ಯ. ಮಾತೆಗೆ ಬಂದ ಇಬ್ಬರು ಗಿರಾಕಿಗಳೂ ಕತ್ತು ಚಾಚಿ ನಿಂತರು. ಅಂತೂ ಬಂತು.

"ಕೊನೆಯದು ಹೋಗು ಅನ್ನುತ್ತದೆ. ಹೋಗಲೇ?"

"ನಾನು ಬರೆದುಕೊಡ್ಲಾ?" ಎಂದಳು ನಿದಿಯಾ.

"ಸಾಕು, ಇಲ್ಲಿವರೆಗೆ ಮಾಡಿದ್ದೇ ಸಾಕು." ಫಾಕುಂದಾ ಫೋನು ಕಿತ್ತುಕೊಂಡಳು. ಈ ಸಲ ಎದ್ದು ಹೋಗಲಿಲ್ಲ, ಎಲ್ಲರೆದುರೇ ಕೂತು, ಚಳಿಗೆ ಮರಗಟ್ಟಿದ ಬೆರಳಿನಿಂದ ಬರೆದಳು: "ಅದನ್ನು ಬರೆದವಳು ಅರ್ಜೆಂಟೀನಾದಲ್ಲಿದ್ದಳು. ನಾನು ಇಲ್ಲಿದ್ದೇನೆ. ಬಾ."

ಮತ್ತೆ ಆ ಬಟನ್ ಹೊಲಿಗೆ. ಹನ್ನೊಂದೂ ಇಪ್ಪತ್ತೆಂಟಕ್ಕೆ ಉತ್ತರ ಬಂತು.

"ನನ್ನ ಪೆಟ್ಟಿಗೆ ಎಲ್ಲದರ ಅಡಿಯಲ್ಲಿದೆ. ಡ್ರೈವರ್ ಬೈಯುತ್ತ ಇಳಿಸುತ್ತಿದ್ದಾನೆ. ಏನು ಬೈಯುತ್ತಾನೋ ನನಗೆ ಸರಿಯಾಗಿ ಕೇಳಿಸುತ್ತಿಲ್ಲ, ಪುಣ್ಯ."